ಫೋನಿನ ಈ ತುದಿಯಲ್ಲಿ ಬಾಬ್ ನ್ಯೂಹಾರ್ಟ್

ಸ್ಟೇಜಿನ ಮೇಲೆ ಸೂಟು, ಟೈ ಹಾಕಿದ ಒಬ್ಬ ಮನುಷ್ಯ. ನೋಡಿದರೆ ಸಾಲದ ಅರ್ಜಿ ತಿರಸ್ಕರಿಸುವ ಬ್ಯಾಂಕ್ ಮ್ಯಾನೇಜರ್ ಥರ ಇದ್ದಾನೆ. ಫೋನಿನಲ್ಲಿ ಮಾತಾಡುತ್ತಿದ್ದಾನೆ. ಆ ಕಡೆ ಇರುವುದು ಅಬ್ರಹಾಂ ಲಿಂಕನ್. ಈತ ಅವರ ಪ್ರಚಾರದ ಉಸ್ತುವಾರಿಯವನು. ಗಡ್ಡ ಬೋಳಿಸಬೇಡಿ, ಬರೆದುಕೊಟ್ಟ ಭಾಷಣಕ್ಕೆ ಕೈ ಹಾಕಬೇಡಿ ಅಂತ ಗೋಗರೆಯುತ್ತಿದ್ದಾನೆ. ಲಿಂಕನ್ ಏನು ಹೇಳಿದರು ಅನ್ನೋದು ನಮಗೆ ಕೇಳಿಸುವುದೇ ಇಲ್ಲ. ಈತ ಸುಮ್ಮನಾಗುತ್ತಾನೆ, ಸ್ವಲ್ಪ ತೊದಲುತ್ತಾನೆ, ಕೇಳಿದ್ದನ್ನು ಅರಗಿಸಿಕೊಳ್ಳಲು ಒದ್ದಾಡುತ್ತಾನೆ. ಜನ ನಗುವುದು ಆ ಸುಮ್ಮನಿರುವ ಹೊತ್ತಿನಲ್ಲೇ.

ಅಮೆರಿಕದಲ್ಲಿ ಸ್ಟ್ಯಾಂಡ್-ಅಪ್ ಕಲಾವಿದರು, ಅಂದರೆ ಸ್ಟೇಜಿನ ಮೇಲೆ ಒಬ್ಬರೇ ನಿಂತು ನಗಿಸುವವರು, ಟಿವಿ ಧಾರಾವಾಹಿಯ ನಾಯಕರಾದದ್ದು ಹೇಗೆ ಅಂತ ತಿಳಿಯಬೇಕಾದರೆ ಈ ಮೌನದಿಂದಲೇ ಶುರು ಮಾಡಬೇಕು ಅನಿಸುತ್ತದೆ.

ಆ ಫೋನು ಹಿಡಿದ ಮನುಷ್ಯ ಬಾಬ್ ನ್ಯೂಹಾರ್ಟ್. ಅವರು ಮೊದಲು ಶಿಕಾಗೋದಲ್ಲಿ ಅಕೌಂಟೆಂಟ್ ಆಗಿದ್ದರು. ಅಷ್ಟೇನೂ ಒಳ್ಳೆಯ ಅಕೌಂಟೆಂಟ್ ಅಲ್ಲ. ದಿನದ ಕೊನೆಗೆ ಚಿಲ್ಲರೆ ಲೆಕ್ಕ ತಾಳೆಯಾಗದಿದ್ದರೆ ಒಂದೆರಡು ಡಾಲರ್ ಜೇಬಿನಿಂದ ಹಾಕಿ ಮುಗಿಸುತ್ತಿದ್ದರಂತೆ, ಅವರೇ ಹೇಳಿಕೊಂಡ ಕಥೆ. ಬೇಜಾರು ಕಳೆಯಲು ಗೆಳೆಯನೊಬ್ಬನ ಜೊತೆ ಫೋನಿನಲ್ಲಿ ತಮಾಷೆಯ ಸಂಭಾಷಣೆ ಕಟ್ಟಿ, ರೆಕಾರ್ಡ್ ಮಾಡಿ, ರೇಡಿಯೋ ಕೇಂದ್ರಗಳಿಗೆ ಮಾರಲು ನೋಡಿದರು. ದುಡ್ಡು ಹುಟ್ಟಲಿಲ್ಲ. ಗೆಳೆಯ ಬಿಟ್ಟುಹೋದ, ಸಂಭಾಷಣೆಯ ಒಂದು ತುದಿ ಮಾತ್ರ ಉಳಿಯಿತು.

ಆ ಒಂದು ತುದಿಯನ್ನೇ 1960ರಲ್ಲಿ ಹ್ಯೂಸ್ಟನ್‌ನ ಒಂದು ನೈಟ್‌ಕ್ಲಬ್‌ನಲ್ಲಿ ರೆಕಾರ್ಡ್ ಮಾಡಿದರು. ಅದಕ್ಕೆ ಮುಂಚೆ ನ್ಯೂಹಾರ್ಟ್ ಯಾವ ಕ್ಲಬ್ಬಿನಲ್ಲೂ ಪ್ರದರ್ಶನ ಕೊಟ್ಟವರಲ್ಲ. ಆ ಎಲ್‌ಪಿ (ಗ್ರಾಮಫೋನ್ ತಟ್ಟೆ) ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಸ್ಯದ ಆಲ್ಬಂ ಅಲ್ಲಿಗೇರಿದ್ದು ಅದೇ ಮೊದಲು. 1961ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿಯೂ ಬಂತು, ಹೊಸ ಕಲಾವಿದ ಗ್ರ್ಯಾಮಿಯೂ ಬಂತು.

ಆಗಿನ ಟಿವಿಗೆ ಇಂಥವರನ್ನು ಏನು ಮಾಡಬೇಕು ಅನ್ನೋದು ಗೊತ್ತಿರಲಿಲ್ಲ. ಎಡ್ ಸಲಿವನ್ ಭಾನುವಾರ ರಾತ್ರಿ ನಡೆಸುತ್ತಿದ್ದ ಶೋನಲ್ಲಿ ಹಾಡುಗಾರರು, ಸರ್ಕಸ್‌ನವರು, ಮಧ್ಯೆ ಐದಾರು ನಿಮಿಷ ಒಬ್ಬ ಹಾಸ್ಯಗಾರ. ಇನ್ನೊಂದು ತೊಂದರೆಯೂ ಇತ್ತು. ಕ್ಲಬ್ಬುಗಳಲ್ಲಿ ಒಂದು ಒಳ್ಳೆಯ ಪ್ರಸಂಗವನ್ನು ಊರಿಂದೂರಿಗೆ ಹೊತ್ತು ವರ್ಷಗಟ್ಟಲೆ ಹೇಳಬಹುದು. ಟಿವಿಯಲ್ಲಿ ಒಮ್ಮೆ ಹೇಳಿದರೆ ಒಂದೇ ರಾತ್ರಿಗೆ ಇಡೀ ದೇಶಕ್ಕೆ ಹಳತಾಯಿತು. 1961ರಲ್ಲಿ ಎನ್‌ಬಿಸಿ ಚಾನೆಲ್ ನ್ಯೂಹಾರ್ಟ್‌ಗೆ ವಾರಕ್ಕೊಂದು ಶೋ ಕೊಟ್ಟಾಗ ಆದದ್ದು ಇದೇ. ಪ್ರತಿ ವಾರ ಹೊಸ ಪ್ರಸಂಗ ಬೇಕು. ಶೋಗೆ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ ಸಿಕ್ಕಿತು, ಪೀಬಡಿ ಪ್ರಶಸ್ತಿ ಸಿಕ್ಕಿತು, ಒಂದೇ ಸೀಸನ್ನಿಗೆ ಮುಚ್ಚಿಯೂ ಹೋಯಿತು.

ದಾರಿ ಸಿಕ್ಕಿದ್ದು 1972ರಲ್ಲಿ, ಸಿಬಿಎಸ್ ಚಾನೆಲ್‌ನಲ್ಲಿ. ಈ ಸಲ ಯಾರೂ ಅವರನ್ನು ಜೋಕ್ ಹೇಳು ಅನ್ನಲಿಲ್ಲ. ಶಿಕಾಗೋದ ಒಬ್ಬ ಮನಶ್ಶಾಸ್ತ್ರಜ್ಞನ ಪಾತ್ರ ಕೊಟ್ಟರು. ಮೊದಲು ಮನೋವೈದ್ಯ ಅಂತಿತ್ತು. ಮನೋವೈದ್ಯರ ಬಳಿ ಬರುವವರ ಕಾಯಿಲೆ ಜಾಸ್ತಿ ಗಂಭೀರ, ಅದರಲ್ಲಿ ನಗುವುದು ಸರಿಯಲ್ಲ ಅಂತ ಬದಲಾಯಿಸಿದರು. ಈ ಕೆಲಸವೇ ಎಷ್ಟು ಸರಿಯಾಗಿ ಹೊಂದಿತು ನೋಡಿ. ಮನಶ್ಶಾಸ್ತ್ರಜ್ಞ ಅಂದರೆ ಬೇರೆಯವರ ಮಾತು ಕೇಳಿಸಿಕೊಂಡು ಕೂರುವವನು, ಅಲ್ವಾ? ಫೋನಿನ ಆ ತುದಿಯಲ್ಲಿದ್ದವರು ಈಗ ಕಣ್ಣೆದುರು ಬಂದು ಸೋಫಾ ಮೇಲೆ ಕೂತರು. ಅವರು ಏನೇನೋ ಹೇಳುತ್ತಾರೆ, ಇವರ ಮುಖದಲ್ಲಿ ಅದೇ ಮೌನ, ಅದೇ ತೊದಲು. ಶೋ ಆರು ವರ್ಷ, 142 ಕಂತು ನಡೆಯಿತು.

ಶೋನಲ್ಲಿ ಮಕ್ಕಳು ಬೇಡ ಅಂತ ನ್ಯೂಹಾರ್ಟ್ ಮೊದಲೇ ಹೇಳಿದ್ದರು. ಮಂಕು ಅಪ್ಪ, ಚೂಟಿ ಮಕ್ಕಳು ಅನ್ನುವ ಹಳೇ ಅಚ್ಚು ಅವರಿಗೆ ಬೇಕಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಬರಹಗಾರರು ಪಾತ್ರದ ಹೆಂಡತಿ ಬಸುರಿಯಾಗುವ ಸ್ಕ್ರಿಪ್ಟ್ ಕಳಿಸಿದರು. ಚೆನ್ನಾಗಿದೆ, ಆದರೆ ಬಾಬ್ ಪಾತ್ರಕ್ಕೆ ಯಾರನ್ನು ಹಾಕಿಕೊಳ್ಳುತ್ತೀರಿ ಅಂತ ಕೇಳಿದರಂತೆ.

ಅಷ್ಟರಲ್ಲಿ ಬೇರೆ ಬಾಗಿಲುಗಳೂ ತೆರೆದಿದ್ದವು. 1972ರಲ್ಲೇ ಟಿವಿ ನಿರೂಪಕ ಜಾನಿ ಕಾರ್ಸನ್, ಹಾಸ್ಯಗಾರರನ್ನೂ ಕರೆಸುತ್ತಿದ್ದ ತಮ್ಮ ರಾತ್ರಿ ಶೋವನ್ನು ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ತಂದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಕಾಮಿಡಿ ಸ್ಟೋರ್ ಕ್ಲಬ್ ಶುರುವಾಯಿತು. ಹುಡುಗರು ಅಲ್ಲಿ ಪುಕ್ಕಟೆ ಪ್ರದರ್ಶನ ಕೊಡುತ್ತಿದ್ದರು, ಕಾರ್ಸನ್ ಕಡೆಯವರು ನೋಡಲಿ ಅಂತ. ಫ್ರೆಡ್ಡಿ ಪ್ರಿನ್ಸ್ ಅನ್ನುವ ಹುಡುಗ 1973ರ ಡಿಸೆಂಬರ್‌ನಲ್ಲಿ ಕಾರ್ಸನ್ ಶೋಗೆ ಬಂದ, ಮರುವರ್ಷ ಧಾರಾವಾಹಿಯ ನಾಯಕನಾದ, 1977ರಲ್ಲಿ 22ನೇ ವಯಸ್ಸಿಗೆ ತೀರಿಕೊಂಡ. 1979ರಲ್ಲಿ ಕಲಾವಿದರು ಸಂಬಳ ಕೊಡಿ ಅಂತ ಕಾಮಿಡಿ ಸ್ಟೋರ್ ಮುಂದೆ ಮುಷ್ಕರ ಕೂತರು. ಕೊನೆಗೆ ಒಂದು ಪ್ರದರ್ಶನಕ್ಕೆ 25 ಡಾಲರ್ ಅಂತ ಒಪ್ಪಂದವಾಯಿತು.

ಸ್ಟ್ಯಾಂಡ್-ಅಪ್ ಮಾಡುವವನು ನಟನೂ ಹೌದಾ? ಟಿವಿಯವರು ಹೌದು ಅಂದುಕೊಂಡು ಎಷ್ಟೋ ಸಲ ಕೈಸುಟ್ಟುಕೊಂಡರು. ಜೆರ್ರಿ ಸೈನ್‌ಫೆಲ್ಡ್‌ಗೆ 1980ರ ಹೊತ್ತಿಗೆ ಬೇರೆಯವರ ಧಾರಾವಾಹಿಯಲ್ಲಿ ಒಂದು ಸಣ್ಣ ಪಾತ್ರ ಸಿಕ್ಕಿತ್ತು. ಕೆಲವೇ ಕಂತಾಗಿತ್ತು. ಒಂದು ದಿನ ಎಲ್ಲರೂ ಸ್ಕ್ರಿಪ್ಟ್ ಓದಲು ಕೂತರೆ ಇವರಿಗೆ ಸ್ಕ್ರಿಪ್ಟೇ ಇಲ್ಲ. ಕೆಲಸ ಹೋಗಿದೆ ಅಂತ ಗೊತ್ತಾದದ್ದೇ ಹಾಗೆ. ರೇ ರೊಮಾನೋ ಅವರನ್ನು 1995ರಲ್ಲಿ ಇನ್ನೊಂದು ಶೋನ ರಿಹರ್ಸಲ್ ಹಂತದಲ್ಲೇ ಕೈಬಿಟ್ಟರು.

ಇಬ್ಬರೂ ಗೆದ್ದದ್ದು ತಾವೇ ತಾವಾಗಿ ಬಂದಾಗ. ಸೈನ್‌ಫೆಲ್ಡ್ ತಮ್ಮದೇ ಹೆಸರಿನ ಶೋನಲ್ಲಿ ಸ್ಟ್ಯಾಂಡ್-ಅಪ್ ಮಾಡುವ ಜೆರ್ರಿ ಸೈನ್‌ಫೆಲ್ಡ್ ಆದರು. 1998ರ ಮೇ 14ರಂದು ಬಂದ ಕೊನೆಯ ಕಂತನ್ನು ಅಮೆರಿಕದಲ್ಲಿ ಸುಮಾರು 7.6 ಕೋಟಿ ಜನ ನೋಡಿದರು. ರೊಮಾನೋ ಸ್ಟೇಜಿನಲ್ಲಿ ಹೇಳುತ್ತಿದ್ದುದು ತಮ್ಮ ಅವಳಿ ಗಂಡುಮಕ್ಕಳ, ಅಪ್ಪ ಅಮ್ಮನ ಕಥೆ. 1996ರಲ್ಲಿ ಶುರುವಾದ ಅವರ ಶೋ ಆ ಮನೆಯನ್ನೇ ಸೆಟ್ ಹಾಕಿ ಒಂಬತ್ತು ಸೀಸನ್ ಓಡಿತು. ಕಲಾವಿದನನ್ನು ಪಾತ್ರಕ್ಕೆ ಬಗ್ಗಿಸಬೇಡಿ, ಅವನ ಸುತ್ತ ಮನೆ ಕಟ್ಟಿ. ನ್ಯೂಹಾರ್ಟ್ ಶೋ 1972ರಲ್ಲಿ ಮಾಡಿದ್ದೂ ಅದನ್ನೇ.

ಹಾಗಂತ ಪ್ರತಿ ಸಲ ಮನೆ ನಿಲ್ಲುವುದಿಲ್ಲ. 90ರ ದಶಕದಲ್ಲಿ ನ್ಯೂಹಾರ್ಟ್ ಅವರೇ ಮಾಡಿದ ಎರಡು ಶೋಗಳು ಬೇಗ ಮುಚ್ಚಿದವು.

ಆದರೆ ಅದಕ್ಕೂ ಮುಂಚೆ, 1982ರಿಂದ 1990ರವರೆಗೆ, ಅವರದು ಇನ್ನೊಂದು ದೊಡ್ಡ ಶೋ ಇತ್ತು. ವರ್ಮಾಂಟ್‌ನಲ್ಲಿ ಹಳೇ ವಸತಿಗೃಹ ನಡೆಸುವವನ ಪಾತ್ರ. ಅಲ್ಲಿಗೆ ಮೂವರು ಅಣ್ಣತಮ್ಮಂದಿರು ಬರುತ್ತಿದ್ದರು: ಲ್ಯಾರಿ, ಡ್ಯಾರಿಲ್, ಇನ್ನೊಬ್ಬ ಡ್ಯಾರಿಲ್. ಮಾತೆಲ್ಲ ಲ್ಯಾರಿಯದು. ಡ್ಯಾರಿಲ್‌ಗಳು ಎಂಟು ಸೀಸನ್ ಬಾಯಿ ಬಿಡಲಿಲ್ಲ. ಕೊನೆಯ ಕಂತಿನಲ್ಲಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಕಿರುಚಿದ್ದು ತಮ್ಮ ಹೆಂಡತಿಯರ ಮೇಲೆ, ಸುಮ್ನಿರಿ ಅಂತ!

ಅದೇ ಕಂತಿನಲ್ಲಿ ನಾಯಕನ ತಲೆಗೆ ಗಾಲ್ಫ್ ಚೆಂಡು ಬಡಿಯುತ್ತದೆ. ಕತ್ತಲು. ದೀಪ ಹತ್ತಿದರೆ ಬೇರೆಯದೇ ಮಲಗುವ ಕೋಣೆ. ಸ್ಟುಡಿಯೋದಲ್ಲಿದ್ದ ಜನ ಆ ಮಂಚ ನೋಡಿಯೇ ಚಪ್ಪಾಳೆ ತಟ್ಟಲು ಶುರು ಮಾಡಿದರು. ಅದು 70ರ ದಶಕದ ಶಿಕಾಗೋ ಮನೆ. ಪಕ್ಕದಲ್ಲಿ ಆಗಿನ ಹೆಂಡತಿ ಪಾತ್ರದ ಸುಜಾನ್ ಪ್ಲೆಶೆಟ್. ಎಂಟು ವರ್ಷದ ಶೋ ಪೂರ್ತಿ ಆ ಮನಶ್ಶಾಸ್ತ್ರಜ್ಞನ ಕೆಟ್ಟ ಕನಸಂತೆ! ಈ ಐಡಿಯಾ ಕೊಟ್ಟದ್ದು ನಿಜವಾದ ಹೆಂಡತಿ ಜಿನ್ನಿ ಅಂತ ನ್ಯೂಹಾರ್ಟ್ ಹೇಳುತ್ತಿದ್ದರು.

2024ರ ಜುಲೈ 18ರಂದು, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಟನೆಗೆ ಅವರಿಗೆ ಸಿಕ್ಕ ಎಮ್ಮಿ ಒಂದೇ, ಅದೂ 2013ರಲ್ಲಿ, 84ನೇ ವಯಸ್ಸಿನಲ್ಲಿ. ಬೇರೆಯವರ ಶೋನಲ್ಲಿ ಅತಿಥಿ ಪಾತ್ರಕ್ಕೆ. ಹಿಂದೊಮ್ಮೆ ಮಕ್ಕಳ ಟಿವಿಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮುದುಕನ ಪಾತ್ರ ಅದು. ಬಾಯಿ ಮುಚ್ಚದ ಒಬ್ಬ ಅಭಿಮಾನಿ ಎದುರು ನಿಂತು ಮಾತಾಡುತ್ತಾನೆ, ಮಾತಾಡುತ್ತಲೇ ಇರುತ್ತಾನೆ. ಮುದುಕ ಅವನನ್ನೇ ನೋಡುತ್ತಾ ಕೂತಿರುತ್ತಾನೆ.