ಹತ್ತು ಅಡಿ ದೂರದ ಟಿ.ವಿ.ಗೆ 4ಕೆ ಬೇಕೆ?

ಪ್ರಶ್ನೆ: ಕಲಬುರಗಿಯ ನಮ್ಮ ಮನೆಯಲ್ಲಿ 43 ಇಂಚಿನ ಫುಲ್ ಎಚ್‌ಡಿ ಟಿ.ವಿ. ಇದೆ. ಹತ್ತು ಅಡಿ ದೂರದ ಸೋಫಾದಲ್ಲಿ ಕುಳಿತು ಸಿನಿಮಾ ನೋಡುತ್ತೇವೆ. 55 ಇಂಚಿನ 4ಕೆ ಟಿ.ವಿ.ಗೆ ಹಣ ಹಾಕಿದರೆ ಸಾರ್ಥಕವಾದೀತೆ?

ಉತ್ತರ: ಸೋಫಾ ಈಗಿರುವಲ್ಲಿಯೇ ಇದ್ದರೆ 4ಕೆಗಾಗಿ ಹಣ ಹಾಕುವುದು ಬೇಡ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಮೇಲಿಂದ ಕೆಳಕ್ಕೆ 1080 ಚುಕ್ಕೆಗಳಿರುತ್ತವೆ; 4ಕೆ ಪರದೆಯಲ್ಲಿ ಅವು 3840 ಮತ್ತು 2160, ಅಂದರೆ ಒಟ್ಟು ನಾಲ್ಕು ಪಟ್ಟು. ಆದರೆ ಸಾಮಾನ್ಯ ದೃಷ್ಟಿಯ ಕಣ್ಣು ನೋಟದ ಕೋನದಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಸಣ್ಣ ವಿವರವನ್ನು ಬಿಡಿಸಿ ಕಾಣದು. ಆ ಲೆಕ್ಕದಲ್ಲಿ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳೇ ಸುಮಾರು ಏಳು ಅಡಿಯಾಚೆ ಒಂದರಲ್ಲೊಂದು ಬೆರೆತುಹೋಗುತ್ತವೆ.

ಗಾತ್ರದ ಲಾಭ ಮಾತ್ರ ನಿಜವಾದದ್ದು. ಹತ್ತು ಅಡಿಯಿಂದ 55 ಇಂಚಿನ ಪರದೆ ಕಣ್ಣಿನ ಮುಂದೆ ಸುಮಾರು 23 ಡಿಗ್ರಿ ಅಗಲವನ್ನು ತುಂಬುತ್ತದೆ. ನಿಮ್ಮ ಈಗಿನ 43 ಇಂಚಿನ ಟಿ.ವಿ.ಯನ್ನೇ ಆರು ಅಡಿಯಿಂದ ನೋಡಿದರೆ ಅದು 29 ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ, ಚುಕ್ಕೆಗಳೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ವಾರ ಸೋಫಾವನ್ನು ನಾಲ್ಕು ಅಡಿ ಮುಂದಕ್ಕೆ ಎಳೆದು ನೋಡಿ. ನಡುಮನೆಯಲ್ಲಿ ಓಡಾಡಲು ದಾರಿ ಉಳಿಯಲಿಲ್ಲವೆಂದು ಮನೆಯವರು ಗೊಣಗಿದರೆ ಆಗ ದೊಡ್ಡ ಟಿ.ವಿ.ಯ ಮಾತು ನ್ಯಾಯವಾದದ್ದೇ. ಆದರೆ 55ಕ್ಕೆ ನಿಲ್ಲದೆ 65 ಇಂಚಿನದರ ಬೆಲೆಯನ್ನೂ ವಿಚಾರಿಸಿ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿರುವುದರಿಂದ, ಅದಕ್ಕೂ ಮೊದಲು ಕೇಳಿಟ್ಟ ಬೆಲೆಯನ್ನು ನಂಬಿ ಕೂರಬೇಡಿ.

ಇಷ್ಟಾಗಿಯೂ ನಮ್ಮ ಭಾಗದ ಮನೆಗಳಲ್ಲಿ ಸಿನಿಮಾದ ರುಚಿ ಕೆಡುವುದು ಹೆಚ್ಚಾಗಿ ಧ್ವನಿಯಿಂದ. ನೆಲಕ್ಕೆ ಶಹಾಬಾದ್ ಪರಸಿ, ಸುತ್ತ ಬರಿಯ ಗೋಡೆ, ಮೇಲೆ ಕಾಂಕ್ರೀಟು: ಬೇಸಿಗೆಯಲ್ಲಿ ಕಾಲಿಗೆ ತಂಪೆನಿಸುವ ಆ ಕಲ್ಲು ಶಬ್ದವನ್ನು ಹೀರದೆ ಹಿಂದಕ್ಕೆ ಎಸೆಯುತ್ತದೆ, ಮಾತಿನ ಮೇಲೆ ಮಾತಿನ ನೆರಳು ಬೀಳುತ್ತದೆ. ತೆಳುವಾದ ಟಿ.ವಿ.ಗಳ ಸ್ಪೀಕರುಗಳೋ ಬಹುತೇಕ ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುತ್ತವೆ. ಹೊಸದನ್ನು ತಂದರೂ ಈ ದೋಷ ಜೊತೆಗೇ ಬರುತ್ತದೆ. ಸೋಫಾದ ಮುಂದೆ ದಪ್ಪನೆಯ ಜಮಖಾನೆ ಹಾಸಿ, ಕುಳಿತವರ ಬೆನ್ನ ಹಿಂದಿನ ಗೋಡೆಗೆ ಅಜ್ಜಿ ಹೊಲಿದ ಕೌದಿಯೊಂದನ್ನು ತೂಗುಹಾಕಿ, ಮೊದಲು ನೋಡಿದ ಸಿನಿಮಾವನ್ನೇ ಮತ್ತೊಮ್ಮೆ ಹಾಕಿ ಕೇಳಿ. ಸಂಭಾಷಣೆ ಆಗಲೂ ತಿಳಿಯಾಗದಿದ್ದರೆ ಟಿ.ವಿ.ಯ ಕೆಳಗಿಡುವ ಉದ್ದನೆಯ ಸ್ಪೀಕರು, ಅಂದರೆ ಒಂದು ಸಾಧಾರಣ ಸೌಂಡ್‌ಬಾರ್ ಕೊಳ್ಳಬಹುದು, ನಿಮ್ಮ ಟಿ.ವಿ.ಯ ಎಚ್‌ಡಿಎಂಐ ಕಿಂಡಿಯ ಪಕ್ಕದಲ್ಲಿ ಎಆರ್‌ಸಿ (ARC, ಟಿ.ವಿ.ಯ ಧ್ವನಿಯನ್ನು ಅದೇ ಕಿಂಡಿಯಿಂದ ಹೊರಗೆ ಕಳಿಸುವ ಸೌಲಭ್ಯ) ಎಂದು ಬರೆದಿದ್ದರೆ ಒಂದೇ ತಂತಿಯಲ್ಲಿ ಜೋಡಣೆ ಮುಗಿಯುತ್ತದೆ.

ಪ್ರೊಜೆಕ್ಟರಿನ ಆಸೆ ಇದ್ದರೆ ಅದರ ಕೈಪಿಡಿಯನ್ನು ಮೊದಲು ಓದಿ. ಎಷ್ಟೋ ಮಾದರಿಗಳಿಗೆ 35 ಅಥವಾ 40 ಡಿಗ್ರಿ ಸೆಲ್ಸಿಯಸ್ ಗರಿಷ್ಠ ಮಿತಿ, ನಮ್ಮ ಏಪ್ರಿಲ್ ಮಧ್ಯಾಹ್ನಗಳು ಆ ಮಿತಿಯನ್ನು ದಾಟುತ್ತವೆ.