ಹೊಸ ಡಿಸ್ಕ್ ಕಾಣ್ತಿಲ್ವಾ? ಯಾರಿಗೆ ಕಾಣ್ತಿಲ್ಲ ಅಂತ ಮೊದಲು ನೋಡಿ

ಕಳೆದ ಮಳೆಗಾಲದ ಒಂದು ಸಂಜೆ ಕುಮಟಾ ಕಡೆಯ ಫೋಟೋ ಸ್ಟುಡಿಯೋದವರೊಬ್ಬರು ಫೋನ್ ಮಾಡಿದರು. ಮದುವೆ ಫೋಟೋ, ವಿಡಿಯೋಗಳಿಗೆ ಜಾಗ ಸಾಲದೆ 4 ಟಿಬಿಯ ಹೊಸ ಹಾರ್ಡ್ ಡಿಸ್ಕ್ ತರಿಸಿದ್ದರು. ತಾವೇ ಕ್ಯಾಬಿನೆಟ್ ಬಿಚ್ಚಿ ಹಾಕಿದ್ದರು. "ಡಿಸ್ಕ್ ಸತ್ತೇ ಬಂದಿದೆ. ಕಂಪ್ಯೂಟರಿಗೆ ಕಾಣ್ತಾನೇ ಇಲ್ಲ. ನಾಳೆ ವಾಪಸ್ ಕಳಿಸ್ತೇನೆ" ಅಂದರು. ನಾನು ಕೇಳಿದೆ: "ಯಾರಿಗೆ ಕಾಣ್ತಿಲ್ಲ? ಬಯಾಸ್‌ಗೋ, ವಿಂಡೋಸ್‌ಗೋ, ನಿಮಗೋ?"

ಶಿರಸಿಯಲ್ಲಿ ನಾನು ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಹಳೆ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿದವರ ದೂರು ಬಂದಾಗಲೆಲ್ಲ ಇದೇ ಪ್ರಶ್ನೆ ಕೇಳುತ್ತೇನೆ. ಡಿಸ್ಕ್ ನಮ್ಮ ಕಣ್ಣಿಗೆ ಬೀಳುವ ಮೊದಲು ನಾಲ್ಕು ಬಾಗಿಲು ದಾಟಬೇಕು. ಅದಕ್ಕೆ ಕರೆಂಟ್ ಸಿಗಬೇಕು. ಮದರ್‌ಬೋರ್ಡಿನ ಬಯಾಸ್, ಅಂದರೆ ಆನ್ ಮಾಡಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಏಳುವ ಪ್ರೋಗ್ರಾಂ, ಅದನ್ನು ಗುರುತಿಸಬೇಕು. ವಿಂಡೋಸ್ ಅದನ್ನು ಒಪ್ಪಿಕೊಳ್ಳಬೇಕು. ಕೊನೆಗೆ ಅದಕ್ಕೆ ಡಿ, ಇ ಅಂತ ಒಂದು ಡ್ರೈವ್ ಅಕ್ಷರ ಬೀಳಬೇಕು. ಯಾವ ಬಾಗಿಲಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ. ಗೊತ್ತಿಲ್ಲದೆ ಸಿಕ್ಕಿದ್ದನ್ನೆಲ್ಲ ಒತ್ತುತ್ತಾ ಹೋದರೆ ಹೊಸ ಡಿಸ್ಕಿಗೆ ಏನೂ ಆಗಲಿಕ್ಕಿಲ್ಲ. ಹಳೆ ಡಿಸ್ಕಿನಲ್ಲಿರುವ ಹತ್ತು ವರ್ಷದ ಕೆಲಸ ಹೋಗಬಹುದು. ನನಗಿರುವ ಭಯ ಅದೇ.

ಸ್ಟುಡಿಯೋದವರ ಡಿಸ್ಕ್ ಮೂರನೇ ಬಾಗಿಲಲ್ಲಿ ನಿಂತಿತ್ತು. ಬಯಾಸ್‌ನಲ್ಲಿ ಹೆಸರು ಸರಿಯಾಗಿ ಬರುತ್ತಿತ್ತು. ಆದರೆ ಹೊಸ ಡಿಸ್ಕ್ ಖಾಲಿ ಸೈಟಿನ ಹಾಗೆ. ಗಡಿ ಗುರುತು ಮಾಡದೆ ಮನೆ ಕಟ್ಟಲು ಆಗುವುದಿಲ್ಲ. ವಿಂಡೋಸ್ 7ರಲ್ಲಿ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್ ಒತ್ತಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಗುತ್ತದೆ. ವಿಂಡೋಸ್ 10ರಲ್ಲಿ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದರೂ ಆಯಿತು. ಅಲ್ಲಿ ಹೊಸ ಡಿಸ್ಕ್ 'ನಾಟ್ ಇನಿಶಿಯಲೈಸ್ಡ್' ಅಂತ ಕಪ್ಪು ಪಟ್ಟಿಯಲ್ಲಿ ಕೂತಿರುತ್ತದೆ. ಇನಿಶಿಯಲೈಸ್ ಮಾಡಿ, ಹೊಸ ವಾಲ್ಯೂಮ್ ಮಾಡಿ, ಅಕ್ಷರ ಕೊಟ್ಟರೆ ಮುಗಿಯಿತು. ಫೋನಿನಲ್ಲೇ ಹತ್ತು ನಿಮಿಷದ ಕೆಲಸ. ವಾಪಸ್ ಕಳಿಸುವ ಮಾತು ಅಲ್ಲಿಗೇ ನಿಂತಿತು.

ಎಲ್ಲರದ್ದೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹಾಗಾಗಿ ಮೊದಲ ಬಾಗಿಲಿನಿಂದಲೇ ಹೇಳುತ್ತೇನೆ.

ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಆಮೇಲೆ ಕೇಬಲ್ ಜೋಡಿಸಿ. ಈಗ ಆನ್ ಮಾಡಿ ಡಿಸ್ಕಿನ ಪಕ್ಕಕ್ಕೆ ಬೆರಳು ಇಡಿ. ತಿರುಗುವ ಡಿಸ್ಕ್ ಆದರೆ ಸಣ್ಣ ನಡುಕ ಗೊತ್ತಾಗುತ್ತದೆ. ನಡುಕವೇ ಇಲ್ಲ ಅಂದರೆ ಬಹುಶಃ ಕರೆಂಟ್ ಮುಟ್ಟಿಲ್ಲ. ತಿರುಗಿ, ನಿಂತು, ಮತ್ತೆ ತಿರುಗಿ, ಟಕ್ ಟಕ್ ಅಂದರೆ ಹಳೆ ಪವರ್ ಸಪ್ಲೈ ಸೋತಿರಬಹುದು. ದೊಡ್ಡ ಡಿಸ್ಕ್ ಶುರುವಾಗುವ ಹೊತ್ತಿಗೆ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹತ್ತು ವರ್ಷ ದುಡಿದು ಕೆಪಾಸಿಟರ್ ಉಬ್ಬಿದ ಸಪ್ಲೈಗೆ ಅದು ಭಾರ. ಬೇರೆ ಒಳ್ಳೆಯ ಸಪ್ಲೈ ಹಾಕಿದರೂ ಅದೇ ಸದ್ದು ಬಂದರೆ ಮಾತ್ರ ಡಿಸ್ಕನ್ನು ಅನುಮಾನಿಸಿ.

ಇಲ್ಲಿ ತುಂಬ ಜನ ಎಡವುವ ಒಂದು ವಿಷಯ ಇದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಈಗಿನ ಪದ್ಧತಿಗೆ ಸಾಟಾ ಅನ್ನುತ್ತಾರೆ. ಅದರ ಪವರ್ ಪ್ಲಗ್ಗಿನಲ್ಲಿ 15 ಪಿನ್ ಇರುತ್ತವೆ. ಮೊದಲ ಮೂರು ಪಿನ್ 3.3 ವೋಲ್ಟಿನವು. ಸಾಟಾ 3.3 ನಿಯಮ ಬಂದ ಮೇಲೆ ಮೂರನೇ ಪಿನ್ನಿಗೆ ಬೇರೆ ಕೆಲಸ ಕೊಟ್ಟರು. ಅಲ್ಲಿಗೆ ವೋಲ್ಟೇಜ್ ಬಂದರೆ ಡಿಸ್ಕ್ 'ನನ್ನನ್ನು ಬಂದ್ ಇರಲು ಹೇಳುತ್ತಿದ್ದಾರೆ' ಅಂತ ತಿಳಿದು ಮಲಗಿಬಿಡುತ್ತದೆ. ಸರ್ವರ್‌ಗಳಿಗೆ ಇದು ಉಪಯೋಗದ ಸೌಲಭ್ಯ. ನಮ್ಮ ಹಳೆ ಪವರ್ ಸಪ್ಲೈಗೆ ಇದು ಗೊತ್ತಿಲ್ಲ. ಅದು ಹಳೆ ಅಭ್ಯಾಸದಂತೆ ಮೂರನೇ ಪಿನ್ನಿಗೂ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಡಿಸ್ಕ್ ಏಳುವುದೇ ಇಲ್ಲ! ದೊಡ್ಡ ಸೈಜಿನ ಕೆಲವು ಡಿಸ್ಕ್‌ಗಳಲ್ಲಿ, ಅದರಲ್ಲೂ ಯುಎಸ್‌ಬಿ ಡಬ್ಬಿಯಿಂದ (ಹೊರಗಿನಿಂದ ಸಿಗಿಸುವ ಹಾರ್ಡ್ ಡಿಸ್ಕಿನ ಕವಚ) ಬಿಚ್ಚಿ ತೆಗೆದವುಗಳಲ್ಲಿ ಈ ತೊಂದರೆ ಜಾಸ್ತಿ. ನಾಲ್ಕು ತಂತಿಯ ಹಳೆ ಮೊಲೆಕ್ಸ್ ಪ್ಲಗ್ಗಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಡಿಸ್ಕ್ ಎದ್ದು ಕೂರುತ್ತದೆ. ಮೊಲೆಕ್ಸ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುತ್ತದೆ, 3.3 ಇರುವುದೇ ಇಲ್ಲ. ಆದರೆ ಅಡಾಪ್ಟರ್ ನೋಡಿ ಕೊಳ್ಳಿ. ಪ್ಲಾಸ್ಟಿಕ್ ಕರಗಿಸಿ ತಂತಿ ಸುತ್ತ ಎರಕ ಹೊಯ್ದ ಅಗ್ಗದವು ಒಳಗೊಳಗೇ ಶಾರ್ಟ್ ಆಗಿ ಸುಡುವುದುಂಟು. ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕಚ್ಚಿಕೊಂಡಿರುವುದನ್ನೇ ತೆಗೆದುಕೊಳ್ಳಿ.

ಡಿಸ್ಕ್ ತಿರುಗುತ್ತಿದೆ, ಬಯಾಸ್‌ಗೆ ಮಾತ್ರ ಕಾಣುತ್ತಿಲ್ಲ. ಆಗ ನಾನು ಮೊದಲು ಮಾಡುವ ಕೆಲಸ ಡಿವಿಡಿ ಡ್ರೈವಿನ ಎರಡೂ ಕೇಬಲ್ ಕಿತ್ತು ಹೊಸ ಡಿಸ್ಕಿಗೆ ಹಾಕುವುದು. ಡಿವಿಡಿ ನಡೆಯುತ್ತಿತ್ತು ಅಂದರೆ ಆ ಕೇಬಲ್, ಆ ಪೋರ್ಟ್, ಆ ಪವರ್ ಎಲ್ಲ ಸರಿ ಇವೆ ಅಂತ ಆಯಿತಲ್ಲ. ಅಲ್ಲಿ ಡಿಸ್ಕ್ ಕಂಡರೆ ತಪ್ಪು ನೀವು ಮೊದಲು ಹಾಕಿದ ಕೇಬಲ್ ಅಥವಾ ಪೋರ್ಟಿನದು. ಹೊಸ ಉಪಕರಣ ಏನೂ ಬೇಡದ ಪರೀಕ್ಷೆ ಇದು.

ನಮ್ಮ ಜಿಲ್ಲೆಯಲ್ಲಿ ಕೇಬಲ್ ಮತ್ತು ಪೋರ್ಟನ್ನು ಸ್ವಲ್ಪ ಜಾಸ್ತಿಯೇ ಅನುಮಾನಿಸಬೇಕು. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಕ್ಯಾಬಿನೆಟ್ ಒಳಗೆ ವರ್ಷಗಟ್ಟಲೆ ಖಾಲಿ ಬಾಯಿ ತೆರೆದುಕೊಂಡು ಕೂತ ಸಾಟಾ ಪೋರ್ಟ್ ಮಾತ್ರ ಹೊಸದಾಗಿ ಉಳಿಯುತ್ತದೆಯೇ? ಕಾರವಾರ, ಅಂಕೋಲಾ ಕಡೆಯ ಯಂತ್ರಗಳಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಟಾರ್ಚ್ ಹಾಕಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆ ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ರ‍್ಯಾಮ್‌ಗೆ ಉಜ್ಜುವ ಹಾಗೆ ಇಲ್ಲಿ ಪೆನ್ಸಿಲ್ ರಬ್ಬರ್ ಉಜ್ಜಬೇಡಿ, ಪುಡಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೆಯ ಕೇಬಲ್‌ಗಳಲ್ಲಿ ಕಚ್ಚಿ ಹಿಡಿಯುವ ಕ್ಲಿಪ್ ಇರುವುದಿಲ್ಲ, ಕೈ ತಾಗಿದರೆ ಸಡಿಲವಾಗುತ್ತವೆ. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ. ಡಿಸ್ಕಿನ ಬೆಲೆ ಮುಂದೆ ಅದೇನು ದೊಡ್ಡದಲ್ಲ.

ಇನ್ನೊಂದು ಮಾತು. ಎಸಿ ಬಸ್ಸಿನಲ್ಲಿ ಬಂದ ಡಿಸ್ಕನ್ನು ಕರಾವಳಿಯ ಸೆಖೆಯಲ್ಲಿ ಇಳಿದ ಕೂಡಲೇ ಜೋಡಿಸಬೇಡಿ. ತಣ್ಣಗಿನ ಲೋಹದ ಮೇಲೆ ನೀರಿನ ಪಸೆ ಕೂರುತ್ತದೆ. ಕವರಿನಲ್ಲೇ ಒಂದೆರಡು ಗಂಟೆ ಬಿಡಿ.

ಬಯಾಸ್ ಒಳಗೆ ಹೋಗಲು ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2 ಒತ್ತಬೇಕು. ಕೆಲವು ಹಳೆ ಬೋರ್ಡ್‌ಗಳಲ್ಲಿ ಬಳಸದ ಸಾಟಾ ಪೋರ್ಟನ್ನು ಬಂದ್ ಇಟ್ಟಿರುತ್ತಾರೆ. ಅದನ್ನು ಎನೇಬಲ್ ಮಾಡಿ. ಗಡಿಯಾರ 2009ಕ್ಕೋ 2010ಕ್ಕೋ ಹೋಗಿ ಕೂತಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಖಾಲಿಯಾಗಿದೆ. ಪ್ರತಿ ಸಲ ಕರೆಂಟ್ ಹೋದಾಗ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ, ನೀವು ಎಷ್ಟು ಸಲ ಸರಿ ಮಾಡಿದರೂ ಅಷ್ಟೇ. ಮೊದಲು ಸೆಲ್ ಬದಲಿಸಿ. ಅಲ್ಲೇ ಐಡಿಇ, ಎಎಚ್‌ಸಿಐ ಅನ್ನುವ ಆಯ್ಕೆ ಕಾಣುತ್ತದೆ. ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ಹಳೆ ಮತ್ತು ಹೊಸ ರೀತಿಗಳು ಅವು. ಸುಮ್ನೆ ಬದಲಿಸಬೇಡಿ. ಐಡಿಇಯಲ್ಲಿ ಹಾಕಿದ ವಿಂಡೋಸ್ ಎಕ್ಸ್‌ಪಿ ಅಥವಾ 7 ಎಎಚ್‌ಸಿಐಗೆ ತಿರುಗಿಸಿದ ಕೂಡಲೇ ನೀಲಿ ಪರದೆ ತೋರಿಸಿ ನಿಲ್ಲಬಹುದು. ಹಾಗಾದರೆ ಗಾಬರಿ ಬೇಡ. ಮೊದಲಿದ್ದ ಆಯ್ಕೆಗೇ ತಿರುಗಿಸಿ, ವಿಂಡೋಸ್ ಮತ್ತೆ ಏಳುತ್ತದೆ. ಏನನ್ನು ಮುಟ್ಟುವ ಮೊದಲೂ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದಿಡಿ.

ಕೆಲವು ಬೋರ್ಡ್‌ಗಳ ತೊಂದರೆ ಹುಟ್ಟಿನಿಂದಲೇ ಬಂದದ್ದು. ವಿಐಎ ವಿಟಿ8237 ಚಿಪ್ ಇರುವ 2003-05ರ ಕಾಲದ ಬೋರ್ಡ್‌ಗಳು ಸೆಕೆಂಡಿಗೆ 1.5 ಗಿಗಾಬಿಟ್ ವೇಗದ ಮೊದಲ ಸಾಟಾಗೆ ಮಾಡಿದಂಥವು. ವೇಗದ ಡಿಸ್ಕ್ ಹಾಕಿದರೆ ಎರಡರ ನಡುವೆ ಮಾತುಕತೆಯೇ ಕುದುರುವುದಿಲ್ಲ. ಕೆಲವು ಡಿಸ್ಕ್‌ಗಳ ಹಿಂದೆ ವೇಗ ಇಳಿಸುವ ಜಂಪರ್, ಅಂದರೆ ಎರಡು ಪಿನ್ ಕೂಡಿಸುವ ಪುಟ್ಟ ಟೋಪಿ, ಹಾಕಲು ಜಾಗ ಇರುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಹಲವು ಮಾದರಿಗಳಲ್ಲಿ 5 ಮತ್ತು 6ನೇ ಪಿನ್ ಕೂಡಿಸಬೇಕು. ಜಂಪರ್ ಇಲ್ಲದ ಡಿಸ್ಕ್ ಆದರೆ ಬೋರ್ಡಿನ ಸ್ಲಾಟಿಗೆ ಪಿಸಿಐ ಸಾಟಾ ಕಾರ್ಡ್ ಹಾಕುವುದೇ ದಾರಿ. ಇನ್ನು 2011ರ ಜನವರಿಯಲ್ಲಿ ಇಂಟೆಲ್ ತಾನೇ ಒಂದು ದೋಷ ಒಪ್ಪಿಕೊಂಡಿತ್ತು. ಅದರ 6ನೇ ಸರಣಿಯ ಮೊದಲ ಚಿಪ್‌ಸೆಟ್‌ಗಳಲ್ಲಿ 2ರಿಂದ 5ನೇ ನಂಬರಿನ ಸಾಟಾ ಪೋರ್ಟ್‌ಗಳು ದಿನ ಕಳೆದ ಹಾಗೆ ಕೆಡಬಹುದಿತ್ತು. ಆಮೇಲೆ ಸರಿಪಡಿಸಿದ ಬೋರ್ಡ್‌ಗಳು ಬಂದವು. ನಿಮ್ಮದು ಆ ಮೊದಲ ತಂಡದ್ದಾದರೆ ಡಿಸ್ಕನ್ನು 0 ಅಥವಾ 1ನೇ ಪೋರ್ಟಿಗೆ ಹಾಕಿ.

ಎನ್‌ವಿಎಂಇ ಎಸ್‌ಎಸ್‌ಡಿ (ಸಾಟಾ ಬದಲು ಪಿಸಿಐಇ ಸ್ಲಾಟಿನ ದಾರಿಯಲ್ಲಿ ಓಡುವ ವೇಗದ ಡಿಸ್ಕ್) ತಂದು ಹಳೆ ಬೋರ್ಡಿಗೆ ಹಾಕಿಕೊಡಿ ಅನ್ನುವವರಿಗೂ ಒಂದು ಮಾತು. ಪಿಸಿಐಇ ಕಾರ್ಡಿನ ಮೇಲೆ ಕೂರಿಸಿದರೆ ವಿಂಡೋಸ್ 10ರಲ್ಲಿ ಎರಡನೇ ಡಿಸ್ಕ್ ಆಗಿ ಕಾಣಬಹುದು. ಬೂಟ್ ಆಗಲು ಹಳೆ ಬಯಾಸ್ ಬಿಡುವುದಿಲ್ಲ. ಅಂಥ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ.

ಈಗ ಲೆಕ್ಕದ ವಿಷಯ. ಡಿಸ್ಕ್ ಕಾಣುತ್ತದೆ, ಆದರೆ ಅರ್ಧಂಬರ್ಧ ಕಾಣುತ್ತದೆ. ಇದನ್ನೂ ಜನ 'ಡಿಸ್ಕ್ ಡುಪ್ಲಿಕೇಟ್' ಅಂತ ತರುತ್ತಾರೆ. ಡಿಸ್ಕಿಗೆ ಗಡಿ ಹಾಕಲು ಎರಡು ಪದ್ಧತಿ ಇವೆ, ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ತುಣುಕುಗಳನ್ನು 32 ಬಿಟ್ಟಿನ ಸಂಖ್ಯೆಯಲ್ಲಿ ಎಣಿಸುತ್ತಾರೆ. ಒಂದು ತುಣುಕು 512 ಬೈಟ್. ಎಲ್ಲ ಸೇರಿದರೆ 21,99,02,32,55,552 ಬೈಟ್, ವಿಂಡೋಸ್ ಲೆಕ್ಕದಲ್ಲಿ 2 ಟಿಬಿ. ಅದರಾಚೆ ಎಣಿಸಲು ಅಂಕಿಯೇ ಇಲ್ಲ. 4 ಟಿಬಿ ಡಿಸ್ಕನ್ನು ಎಂಬಿಆರ್ ಮಾಡಿದರೆ ಉಳಿದ 1,678 ಜಿಬಿ ಬಳಸಲಾಗದೆ ಬಿದ್ದಿರುತ್ತದೆ. ಡಿಸ್ಕ್ ನಡೆಸುವ ಕೆಲವು ಹಳೆ ಡ್ರೈವರ್ ಸಾಫ್ಟ್‌ವೇರ್‌ಗಳಲ್ಲಿ 3 ಟಿಬಿ ಡಿಸ್ಕ್ 746 ಜಿಬಿ ಅಂತ ಮಾತ್ರ ಕಾಣುತ್ತದೆ. ಹಳೆ ಸ್ಕೂಟರಿನ ಮೀಟರ್ 99999 ದಾಟಿ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತಲ್ಲ, ಹಾಗೆ. 2 ಟಿಬಿ ಎಣಿಸಿ ಮೀಟರ್ ಸೊನ್ನೆಗೆ ಬಂತು, ಉಳಿದದ್ದು 746. ಡ್ರೈವರ್ ಹೊಸದು ಮಾಡಿ, ಇನಿಶಿಯಲೈಸ್ ಮಾಡುವಾಗ ಜಿಪಿಟಿ ಆರಿಸಿ.

ಹಳೆ ಬಯಾಸ್ ಇದ್ದರೆ ಜಿಪಿಟಿ ನಡೆಯೋದೇ ಇಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗಲು ಯುಇಎಫ್‌ಐ, ಅಂದರೆ ಬಯಾಸ್‌ನ ಹೊಸ ರೂಪ, ಬೇಕು. ಫೋಟೋ, ಲೆಕ್ಕ ಇಡುವ ಎರಡನೇ ಡಿಸ್ಕ್ ಆದರೆ ವಿಂಡೋಸ್ 7ಕ್ಕೆ ಏನೂ ತಕರಾರಿಲ್ಲ. ತಕರಾರು ಇರುವುದು 32 ಬಿಟ್ ಎಕ್ಸ್‌ಪಿಗೆ. ನಮ್ಮಲ್ಲಿ ಅಡಿಕೆ ವ್ಯಾಪಾರದ ಹಳೆ ಬಿಲ್ಲಿಂಗ್ ಪ್ರೋಗ್ರಾಂ ಮತ್ತು ನುಡಿ, ಬರಹದ ಹಳೆ ಫೈಲುಗಳಿಗಾಗಿ ಎಕ್ಸ್‌ಪಿ ಉಳಿಸಿಕೊಂಡವರು ಇನ್ನೂ ಇದ್ದಾರೆ. ಅವರಿಗೆ ನಾನು 2 ಟಿಬಿಗಿಂತ ದೊಡ್ಡದನ್ನು ಮಾರುವುದಿಲ್ಲ. ಎಕ್ಸ್‌ಪಿ ಮೊದಲು ಬಂದಾಗಿನ ಸಿಡಿಯನ್ನೇ ಹಾಕಿಕೊಂಡವರು ಇನ್ನೂ ಹಿಂದಿನ ಗೋಡೆಗೆ ಹಾಯುತ್ತಾರೆ. ಅದು 137 ಜಿಬಿಯ ಗೋಡೆ. ಸರ್ವಿಸ್ ಪ್ಯಾಕ್ 1ರಿಂದ ಅದು ಹೋಯಿತು.

ಇನ್ನು ನಾನು ಭಯ ಅಂದೆನಲ್ಲ, ಅದರ ವಿಷಯ. ಯಲ್ಲಾಪುರ ಕಡೆಯ ಒಬ್ಬರು ತಮ್ಮ ತಂದೆಯವರ ತಾಳಮದ್ದಳೆಯ ರೆಕಾರ್ಡಿಂಗ್‌ಗಳನ್ನೆಲ್ಲ 1 ಟಿಬಿ ಡಿಸ್ಕಿನಲ್ಲಿ ಇಟ್ಟಿದ್ದರು. ಇನ್ನೊಂದು ಪ್ರತಿ ಮಾಡಿಡೋಣ ಅಂತ ಮತ್ತೊಂದು 1 ಟಿಬಿ ತಂದರು. ಹೊಸದು ಕಾಣಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸೈಜು ನೋಡಿ, ಫಾರ್ಮ್ಯಾಟ್ ಕೊಟ್ಟರು. ಕೊಟ್ಟದ್ದು ಹಳೆಯದಕ್ಕೆ. ಹೊಸದಕ್ಕೆ ಪವರ್ ಕೇಬಲ್ಲೇ ಪೂರ್ತಿ ಕೂತಿರಲಿಲ್ಲ. ಪುಣ್ಯಕ್ಕೆ ಅವರು ಗೊತ್ತಾದ ಕೂಡಲೇ ಕಂಪ್ಯೂಟರ್ ಬಂದ್ ಮಾಡಿ ಹಾಗೇ ತಂದರು. ಕ್ವಿಕ್ ಫಾರ್ಮ್ಯಾಟ್ ಆಗಿತ್ತು, ಮೇಲೆ ಏನೂ ಬರೆದಿರಲಿಲ್ಲ. ಮೂರು ದಿನ ಕೂತು ಹೆಚ್ಚಿನದನ್ನು ತೆಗೆದೆವು. ಆದರೆ ತುಂಬ ಫೈಲುಗಳ ಹೆಸರು ಹೋಗಿತ್ತು. ಯಾವ ಪ್ರಸಂಗ, ಯಾವ ಊರು ಅಂತ ಅವರು ಒಂದೊಂದೇ ಕೇಳಿ ಗುರುತು ಹಾಕಬೇಕಾಯಿತು. ಅದು ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಅನ್ನುವ ವ್ಯವಸ್ಥೆ ಎಲ್ಲವನ್ನೂ ಒರೆಸಿಹಾಕುವ ಸಾಧ್ಯತೆಯೇ ಜಾಸ್ತಿ ಇತ್ತು.

ಅದಕ್ಕೇ ಹೇಳುವುದು, ಹೊಸ ಡಿಸ್ಕಿಗೆ ಗಡಿ ಹಾಕುವಾಗ ಹಳೆ ಡೇಟಾ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದ ಡಿಸ್ಕನ್ನು ಯಾರೂ ತಪ್ಪಿ ಫಾರ್ಮ್ಯಾಟ್ ಮಾಡಲು ಆಗುವುದಿಲ್ಲ. ಡೇಟಾ ಇದ್ದ ಡಿಸ್ಕನ್ನು ವಿಂಡೋಸ್ 'ರಾ' (ಒಳಗಿನ ವ್ಯವಸ್ಥೆ ಓದಲಾಗುತ್ತಿಲ್ಲ) ಅಂತ ತೋರಿಸಿದರೆ, ಅಥವಾ 'ಇನಿಶಿಯಲೈಸ್ ಮಾಡಿ' ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಕೆಲವು ಯುಎಸ್‌ಬಿ ಡಬ್ಬಿಗಳು ಡಿಸ್ಕಿನ ತುಣುಕನ್ನು 512ರ ಬದಲು 4,096 ಬೈಟ್ ಅಂತ ತೋರಿಸುತ್ತವೆ. ಅಂಥ ಡಬ್ಬಿಯಲ್ಲಿ ತುಂಬಿದ ಡಿಸ್ಕನ್ನು ಬಿಚ್ಚಿ ನೇರ ಸಾಟಾಗೆ ಹಾಕಿದರೆ ವಿಂಡೋಸ್‌ಗೆ ಅದು ಖಾಲಿಯಂತೆ ಕಾಣುತ್ತದೆ. ಒಳಗೆ ಎಲ್ಲವೂ ಇರುತ್ತದೆ. ಅದೇ ಡಬ್ಬಿಗೆ ವಾಪಸ್ ಹಾಕಿ, ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಫಾರ್ಮ್ಯಾಟ್ ಮಾಡಿ.

ಇಷ್ಟೆಲ್ಲ ಮಾಡಿಯೂ ಕಾಣದಿದ್ದರೆ ಹೊಸ ಡಿಸ್ಕನ್ನು ಬೇರೆ ಒಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ ವಾಪಸ್ ಮಾಡುವ ಗಡುವು ಮುಗಿಯುವ ಮೊದಲು ಕಳಿಸಿಬಿಡಿ. ಅಲ್ಲಿ ಕಂಡರೆ ನಿಮ್ಮ ಕ್ಯಾಬಿನೆಟ್ಟನ್ನು ಕೇಬಲ್‌ಗಳ ಸಮೇತ ರಿಪೇರಿಯವರ ಹತ್ತಿರ ತನ್ನಿ. ಡಿಸ್ಕ್ ಒಂದನ್ನೇ ಚೀಲದಲ್ಲಿ ಹಾಕಿಕೊಂಡು ತಂದರೆ ನನ್ನ ಟೇಬಲ್ ಮೇಲೆ ಅದು ಚೆನ್ನಾಗಿಯೇ ನಡೆಯುತ್ತದೆ, ನಿಮ್ಮ ಮನೆಯಲ್ಲಿ ಮತ್ತೆ ಕಾಣುವುದಿಲ್ಲ.