ಐದೂವರೆ ತಿಂಗಳಿಗೇ ಎದಿಯಿಂದ ಹಾಲು ಒಸರಾಕತ್ತೈತಿ, ಹೆರಿಗಿ ಹೊತ್ತಿಗೆ ಖಾಲಿ ಆಗ್ತೈತೇನ್ರಿ?

ಗಂಗಾವತಿ ಕಡಿಯಿಂದ ಒಬ್ರು ಕೇಳ್ಯಾರ. ಚೊಚ್ಚಲ ಬಸುರಿ, ಐದೂವರೆ ತಿಂಗಳು. ಬೆಳಿಗ್ಗೆ ಎದ್ದಾಗ ಜಂಪರ್ ಮ್ಯಾಲೆ ಹಳದಿ ಕಲಿ ಕಾಣಸ್ತಾವಂತ, ಒಮ್ಮೊಮ್ಮೆ ತೊಟ್ಟಿನ ತುದಿಗೆ ಒಣಗಿ ಅಂಟ್ಕೊಂಡಿರ್ತೈತಂತ. ಅವರ ಅತ್ತಿ "ಈಗ್ಲೇ ಸೋರಿ ಹೋದ್ರ ಕೂಸಿಗೇನು ಉಳೀತೈತಿ" ಅಂತ ಚಿಂತಿ ಹಚ್ಕೊಂಡಾರ. ಅದೇ ಮನಿಯಾಗ ನೆಗೆಣ್ಣಿಗೆ ಎಂಟು ತಿಂಗಳು, ಆಕಿಗೆ ಒಂದ್ ಹನಿನೂ ಬಂದಿಲ್ಲ, ಆಕಿಗೆ ಅದರದೇ ಚಿಂತಿ!

ಇಬ್ಬರಿಗೂ ಉತ್ರ ಒಂದೇ ರೀ. ಬಸುರಿದ್ದಾಗ ಸೋರೋದಕ್ಕೂ ಹಡದ ಮ್ಯಾಲೆ ಎಷ್ಟು ಹಾಲು ಬರ್ತೈತಿ ಅನ್ನೋದಕ್ಕೂ ಸಂಬಂಧನೇ ಇಲ್ಲ. ಸೋರಿದ್ರೂ ಖಾಲಿ ಆಗಂಗಿಲ್ಲ, ಯಾಕಂದ್ರ ಒಳಗ ತಯಾರಾಗೋದು ನಡದೇ ಇರ್ತೈತಿ.

ಒಳಗ ಏನ್ ನಡೀತೈತಿ ಅಂದ್ರ, ಮುಟ್ಟು ನಿಂತು ಒಂದೆರಡು ವಾರದಾಗೇ ಎದಿ ಬಿಗಿಯೋದು, ಮುಟ್ಟಿದ್ರ ನೋಯೋದು ಶುರು ಆಗ್ತೈತಿ, ಎಷ್ಟೋ ಮಂದಿಗೆ ವಾಂತಿಗಿಂತ ಮೊದಲು ಇದೇ ಗೊತ್ತಾಗೋದು. ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಹಾಲಿನ ನಾಳ ಬೆಳಸ್ತೈತಿ, ಪ್ರೊಜೆಸ್ಟರಾನ್ ಹಾಲು ತಯಾರಾಗೋ ಸಣ್ಣ ಸಣ್ಣ ಚೀಲ ಬೆಳಸ್ತೈತಿ, ಪ್ರೊಲ್ಯಾಕ್ಟಿನ್ ಹಾಲು ಮಾಡು ಅಂತ ಹೇಳ್ತೈತಿ. ಸುಮಾರು 16 ವಾರಕ್ಕ ಮೊದಲ ಹಾಲು ತಯಾರಾಗಾಕ ಶುರು. ಆದ್ರ ಮಾಸು ಹೊಟ್ಟಿಯೊಳಗ ಇರೋತನಕ ಅದರಿಂದ ಬರೋ ಪ್ರೊಜೆಸ್ಟರಾನ್ "ತಡಿ, ಈಗೇ ಬ್ಯಾಡ" ಅಂತ ಹಿಡಿದಿರ್ತೈತಿ, ಹೆರಿಗಿಯಾಗಿ ಮಾಸು ಬಿದ್ದ ಮ್ಯಾಲೆ ಆ ಹಿಡಿತ ಬಿಟ್ಟು ಎರಡರಿಂದ ನಾಲ್ಕು ದಿನದಾಗ ಹಾಲು ತುಂಬಿ ಬರ್ತೈತಿ. ಅದಕ್ಕ ಈಗ ಒಸರಿದ್ರೂ ಹನಿ ಲೆಕ್ಕ ಅಷ್ಟೇ. ಒಬ್ಬರಿಗೆ ಆ ಹನಿ ಹೊರಗ ಬರ್ತೈತಿ, ಒಬ್ಬರಿಗೆ ಬರಂಗಿಲ್ಲ. ನೆಗೆಣ್ಣಿ ಅವರಿಗೆ ಒಂದ್ ಮಾತು: ಎದಿ ದೊಡ್ಡದೂ ಆಗಿಲ್ಲ, ಏನೂ ಬದಲಾವಣಿನೇ ಕಂಡಿಲ್ಲ, ಅಥವಾ ಹಿಂದ ಎದಿ ಆಪರೇಷನ್ ಆಗೇತಿ ಅಂದ್ರ ಚೆಕಪ್‌ನಾಗ ಡಾಕ್ಟರಿಗೆ ಹೇಳ್ರಿ, ಸುಮ್ನ ಹನಿ ಬಂದಿಲ್ಲ ಅಷ್ಟೇ ಆದ್ರ ಬಿಟ್ಟುಬಿಡ್ರಿ.

ತೊಟ್ಟಿನ ಸುತ್ತ ಕಪ್ಪಾಗೋದು, ನೀಲಿ ನರ ಕಾಣೋದು, ಸಣ್ಣ ಗುಳ್ಳಿ ಏಳೋದು ಎಲ್ಲಾ ಮಾಮೂಲಿ. ಆ ಗುಳ್ಳಿ ಒಡೀಬ್ಯಾಡ್ರಿ, ಅವು ಎಣ್ಣಿ ಬಿಟ್ಟು ತೊಟ್ಟು ಒಣಗದಂಗ ಕಾಯ್ತಾವ. ಸೋಪು ಹಚ್ಚಿ ತಿಕ್ಕಿದ್ರ ಆ ಎಣ್ಣಿನೂ ಹೋಗ್ತೈತಿ, ಬರೀ ನೀರು ಸಾಕು.

ಈಗ ಆ ಹಳದಿ ಹಾಲಿನ ಮಾತು, ಇದನ್ನ ಅತ್ತಿ ಅವರೂ ಓದ್ಲಿ. ನಮ್ಮ ಕಡಿ ಎಮ್ಮಿ ಈದ್ರ ಗಿಣ್ಣದ ಹಾಲಿಗೆ ಬೆಲ್ಲ ಯಾಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚ್ತೀವಿ, ಮನಿ ಹೆಣ್ಮಗಳು ಹಡದಾಗ ಮಾತ್ರ ಅದೇ ಗಿಣ್ಣದ ಹಾಲನ್ನ ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿ ಕೂಸಿನ ಬಾಯಿಗೆ ಸಕ್ರಿ ನೀರು, ಜೇನುತುಪ್ಪ ಹಚ್ಚೋರು ಇನ್ನೂ ಅದಾರ, ಇದ್ಯಾವ ನ್ಯಾಯ ರೀ? ಕೂಸಿಗೆ ರೋಗ ತಡಿಯೋ ಶಕ್ತಿ ಸಿಗೋದೇ ಆ ಹಳದಿ ಹಾಲಿನಾಗ. ಮೊದಲ ದಿನ ಕೂಸಿನ ಹೊಟ್ಟಿಗೆ ಒಂದ್ ಹೊತ್ತಿಗೆ ಹಿಡಿಯೋದು ಒಂದ್ ಚಮಚೆ, 5ರಿಂದ 7 ಎಂಎಲ್ ಅಷ್ಟೇ, ಅದಕ್ಕ "ಹಾಲೇ ಬರವಲ್ದು" ಅಂತ ಡಬ್ಬಿ ಪೌಡರ್‌ಗೆ ಓಡಬ್ಯಾಡ್ರಿ. ಹೆರಿಗಿಯಾಗಿ ಒಂದ್ ತಾಸಿನೊಳಗ ಎದಿಗೆ ಹಚ್ರಿ, ಸಿಜೇರಿಯನ್ ಆದ್ರೂ ತಾಯಿ ಎಚ್ಚರ ಇದ್ರ ನರ್ಸ್ ಹಿಡ್ಕೊಂಡು ಕುಡಸ್ತಾರ. ಜೇನುತುಪ್ಪ ಅಂತೂ ಒಂದ್ ವರ್ಷದತನಕ ಬ್ಯಾಡೇ ಬ್ಯಾಡ, ಅದರಿಂದ ಬೊಟುಲಿಸಂ ಅನ್ನೋ ಕೆಟ್ಟ ರೋಗ ಬರೋ ಭಯ ಐತಿ.

ಹಾಲು ಬರ್ತೈತೋ ಇಲ್ಲೋ ಅಂತ ಈಗ್ಲೇ ಹಿಂಡಿ ನೋಡೋದು ಮಾತ್ರ ಬಿಡ್ರಿ. ತೊಟ್ಟು ಹಿಂಡಿದ್ರ ಆಕ್ಸಿಟೋಸಿನ್ ಬಿಡುಗಡಿ ಆಗ್ತೈತಿ, ಅದು ಗರ್ಭಚೀಲ ಬಿಗಿ ಮಾಡೋ ಹಾರ್ಮೋನ್. ಹಿಂದ ದಿನ ತುಂಬೋಕ ಮೊದಲೇ ಹೆರಿಗಿ ಆಗಿದ್ರ, ಗರ್ಭಚೀಲದ ಬಾಯಿಗೆ ಹೊಲಿಗಿ ಹಾಕಿದ್ರ, ಮಾಸು ಕೆಳಗೈತಿ ಅಂತ ಸ್ಕ್ಯಾನಿಂಗ್‌ನಾಗ ಹೇಳಿದ್ರ ಇನ್ನೂ ಹುಷಾರ್. ಶುಗರ್ ಇರೋ ಬಸುರೇರಿಗೆ ಕೆಲವು ಡಾಕ್ಟರು 36 ವಾರದ ಮ್ಯಾಲೆ ಹಾಲು ತೆಗೆದಿಡಾಕ ಹೇಳ್ತಾರ, ಆದ್ರ ಅವರು ಹೇಳಿದ್ರ ಅಷ್ಟೇ.

ಸೋರೋದಕ್ಕ ಮೆತ್ತನ ಹತ್ತಿ ಬಟ್ಟಿ ಮಡಚಿ ಇಟ್ಕೋರಿ, ಹಸಿ ಆದ ಕೂಡ್ಲೇ ಬದಲಿಸ್ರಿ. ನಮ್ಮ ರಾಯಚೂರು ಕೊಪ್ಪಳದ ಬಿಸಿಲಿಗೆ ಎದಿ ಕೆಳಗ ಬೆವರು ನಿಂತು ಕೆಂಪಗಾಗಿ ಕಡತ ಬರ್ತೈತಿ, ಅದಕ್ಕ ಹಳೆ ಬಿಗಿ ಬ್ರಾ ಬಿಟ್ಟು ಸಡಿಲಂದು, ಕಾಟನ್ದು ತಗೋರಿ.

ಇನ್ನ ತಡ ಮಾಡದ ತೋರಿಸ್ಬೇಕಾಗಿದ್ದು. ಕೈಗೆ ಗಂಟು ಸಿಕ್ಕು ಹಂಗೇ ಉಳಿದ್ರ, ಚರ್ಮ ಒಳಗ ಜಗ್ಗಿದಂಗ ಆದ್ರ, ಮೊದಲು ಸರಿ ಇದ್ದ ತೊಟ್ಟು ಒಳಗ ಹೋದ್ರ, ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರ, ಹಾಲಿನ ಜೋಡಿ ರಕ್ತ ಬಂದ್ರ. ಕಡಿ ತಿಂಗಳಾಗ ಎರಡೂ ಕಡಿ ಸ್ವಲ್ಪ ರಕ್ತ ಬರೋದು ಬಹಳ ಸಲ ತಾನೇ ನಿಲ್ತೈತಿ, ಆದ್ರೂ ತೋರಿಸ್ರಿ, ಒಂದೇ ಕಡಿ ಬಂದ್ರ ತೋರಿಸ್ಲೇಬೇಕು. "ಬಸುರಿ ಅಲ್ಲೇನು, ಹಾಲಿನ ಗಂಟು ಬಿಡು" ಅಂತ ಮನ್ಯಾಗ ಹೇಳೋ ಮಾತಿಗೆ ತಿಂಗಳುಗಟ್ಲೆ ಕೂತವರದೇ ನನಗ ಸಂಕಟ. ಎದಿಗೆ ಅಲ್ಟ್ರಾಸೌಂಡ್ ಮಾಡಿಸಿದ್ರ ಹೊಟ್ಟಿಯಾಗಿನ ಕೂಸಿಗೆ ಏನೂ ಆಗಂಗಿಲ್ಲ.

ಪ್ರತಿ ತಿಂಗಳು 9ನೇ ತಾರೀಖಿಗೆ ಸರ್ಕಾರಿ ದವಾಖಾನಿಯಾಗ ಬಸುರೇರಿಗೆ ಫ್ರೀ ಚೆಕಪ್ ಇರ್ತೈತಿ, ತಾಯಿ ಕಾರ್ಡ್ ತಗೊಂಡು ಹೋಗಿ ಇದನ್ನೂ ಕೇಳ್ರಿ. ನಾಚಿಕಿ ಅನಿಸಿದ್ರ ಆಶಾ ಅಕ್ಕಾರನ್ನ ಜೋಡಿ ಕರ್ಕೊಂಡ್ ಹೋಗ್ರಿ. ಜ್ವರ, ಗಂಟು, ರಕ್ತ ಇದ್ರ ಮಾತ್ರ 9ನೇ ತಾರೀಖು ಬರ್ಲಿ ಅಂತ ಕಾಯಬ್ಯಾಡ್ರಿ.